ಮಗ್ಗಗಳ ಊರಿನ ಬೆಳ್ಳಿತೆರೆ

ಮನುಷ್ಯನಿಗೆ ಅನ್ನ, ಬಟ್ಟೆ, ವಸತಿಗಳು ಎಷ್ಟು ಅವಶ್ಯವೋ ನಗುವೂ ಅಷ್ಟೇ ಅವಶ್ಯ. ದಿನವೆಲ್ಲ ದುಡಿದು ದಣಿದ ಜೀವ ಸಂಜೆಗೆ ಒಂದು ಹಾಡನ್ನೋ ಕಥೆಯನ್ನೋ ಬಯಸುತ್ತದೆ. ಈ ಬಯಕೆಯನ್ನು ಪೂರೈಸಲು ಇಂದು ಚಲನಚಿತ್ರವೆಂಬ ಭಾರೀ ಉದ್ಯಮವೇ ಬೆಳೆದು ನಿಂತಿದೆ. ಕೋಟಿಗಟ್ಟಲೆ ಬಂಡವಾಳ, ಹೆಸರಾಂತ ನಟರು, ದುಬಾರಿ ಯಂತ್ರಗಳು ಇಲ್ಲದೆ ಚಿತ್ರ ತಯಾರಾಗದೆಂಬುದು ಸಾಮಾನ್ಯ ನಂಬಿಕೆ. ಚಿತ್ರ ಮಾಡುವವರು ಕೆಲವರು, ಹಣ ತೆತ್ತು ನೋಡುವವರು ಉಳಿದವರೆಲ್ಲ ಎಂಬ ಭೇದ ಇದರಿಂದ ಹುಟ್ಟಿತು. ಈ ಭೇದವನ್ನು ಒಪ್ಪದೆ, ಇದ್ದ ಅಲ್ಪಸ್ವಲ್ಪದಲ್ಲಿಯೇ ತಮ್ಮ ಚಿತ್ರಗಳನ್ನು ತಾವೇ ತಯಾರಿಸಿಕೊಂಡ ಜನರ ಊರೊಂದಿದೆ. ಅದೇ ಮಾಲೇಗಾಂವ್.

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ, ಮುಂಬಯಿಯಿಂದ ಆಗ್ರಾಕ್ಕೆ ಹೋಗುವ ಹೆದ್ದಾರಿಯ ಮೇಲೆ ಈ ಊರಿದೆ. 1857ರ ಹೋರಾಟದ ತರುವಾಯ ಉತ್ತರ ಭಾರತದಿಂದ ವಲಸೆ ಬಂದ ಅನೇಕ ನೇಕಾರ ಕುಟುಂಬಗಳು ಇಲ್ಲಿ ನೆಲೆಸಿದವು. ಕಾಲಕ್ರಮದಲ್ಲಿ ಕೈಮಗ್ಗಗಳ ಸ್ಥಾನಕ್ಕೆ ವಿದ್ಯುತ್ ಮಗ್ಗಗಳು ಬಂದವು. ಓಣಿ ಓಣಿಗಳಲ್ಲಿ ಹಗಲಿರುಳು ಅವುಗಳ ಸದ್ದು ಕೇಳುತ್ತದೆ. ಹತ್ತಿಯ ಧೂಳಿನ ನಡುವೆ ಗಂಟೆಗಟ್ಟಲೆ ನಿಂತು ದುಡಿಯುವ ಕೆಲಸಗಾರರಿಗೆ ಶುಕ್ರವಾರವೇ ವಾರದ ರಜೆ. ಅಂದು ಸಿನಿಮಾ ನೋಡುವುದೇ ಅವರ ಪಾಲಿನ ಹಬ್ಬವಾಗಿತ್ತು.

ಊರಿನ ನಡುವೆ ಮೋಸಂ ನದಿ ಹರಿಯುತ್ತದೆ. ಅದರ ಒಂದು ದಡದಲ್ಲಿ ಮುಸಲ್ಮಾನರೂ ಇನ್ನೊಂದು ದಡದಲ್ಲಿ ಹಿಂದೂಗಳೂ ಹೆಚ್ಚಾಗಿ ವಾಸಿಸುತ್ತಾರೆ. 2006ರ ಸೆಪ್ಟೆಂಬರ್ 8ರಂದು ಇಲ್ಲಿ ನಡೆದ ಬಾಂಬು ಸ್ಫೋಟಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಹೊರಗಿನ ಲೋಕಕ್ಕೆ ಮಾಲೇಗಾಂವ್ ಎಂದೊಡನೆ ನೆನಪಾಗುತ್ತಿದ್ದುದು ಬಡತನ, ಗಲಭೆ, ಸಾವುನೋವುಗಳ ಸುದ್ದಿ. ಆದರೆ ಆ ಊರಿಗೆ ನಗುವುದೂ ಗೊತ್ತಿತ್ತು, ನಗಿಸುವುದೂ ಗೊತ್ತಿತ್ತು.

ಅಲ್ಲಿ ನಾಸಿರ್ ಶೇಖ್ ಎಂಬ ತರುಣರು ಒಂದು ಪುಟ್ಟ ವಿಡಿಯೋ ಪಾರ್ಲರು ನಡೆಸುತ್ತಿದ್ದರು. ಚಿತ್ರಕಲೆಯನ್ನು ಕಲಿಸುವ ಯಾವ ಶಾಲೆಯ ಮೆಟ್ಟಿಲನ್ನೂ ಅವರು ಹತ್ತಿದವರಲ್ಲ. ಚಾರ್ಲಿ ಚಾಪ್ಲಿನ್ ಮೊದಲಾದವರ ಚಿತ್ರಗಳನ್ನು ಮತ್ತೆ ಮತ್ತೆ ನೋಡುವುದೇ ಅವರ ಪಾಠ. ಎರಡು ವಿಡಿಯೋ ಯಂತ್ರಗಳನ್ನು ಜೋಡಿಸಿ ದೃಶ್ಯಗಳನ್ನು ಕತ್ತರಿಸಿ ಕೂಡಿಸುವುದೇ ಅವರ ಅಭ್ಯಾಸ. ಹೀಗೆ ಕಲಿತ ವಿದ್ಯೆಯ ಬಲದಿಂದ ತಾವೇ ಏಕೆ ಚಿತ್ರ ತೆಗೆಯಬಾರದೆಂದು ಅವರು ಆಲೋಚಿಸಿದರು. ಕೈಯಲ್ಲಿದ್ದುದು ಮದುವೆಗಳಲ್ಲಿ ಬಳಸುವಂಥ ವಿಡಿಯೋ ಕ್ಯಾಮೆರಾ. ಜೊತೆಗಿದ್ದವರು ಊರಿನ ಗೆಳೆಯರು.

ಅವರು ಆರಿಸಿಕೊಂಡ ಕಥೆ ಸಾಮಾನ್ಯವಾದುದಲ್ಲ. 1975ರಲ್ಲಿ ತೆರೆಕಂಡ 'ಶೋಲೆ' ದೇಶದ ಜನರೆಲ್ಲ ಕಂಡು ಮೆಚ್ಚಿದ ಚಿತ್ರ. ಅದರ ಬಂಡೆಗಲ್ಲುಗಳ ದೃಶ್ಯಗಳು ಚಿತ್ರಿತವಾದುದು ನಮ್ಮ ರಾಮನಗರದ ಬೆಟ್ಟಗಳಲ್ಲಿ. ಅದಕ್ಕೆ ತಗುಲಿದ ವೆಚ್ಚ ಸುಮಾರು 3 ಕೋಟಿ ರೂಪಾಯಿ. ನಾಸಿರ್ ಅವರ 'ಮಾಲೇಗಾಂವ್ ಕೇ ಶೋಲೆ' 2000ದಲ್ಲಿ ಸಿದ್ಧವಾದುದು ಸುಮಾರು 50,000 ರೂಪಾಯಿಗಳಲ್ಲಿ. ಮೂಲಚಿತ್ರದ ಗಬ್ಬರ್ ಸಿಂಗ್ ಇಲ್ಲಿ ರಬ್ಬರ್ ಸಿಂಗ್ ಆದ. ಡಕಾಯಿತರಿಗೆ ಕುದುರೆಗಳೆಲ್ಲಿಂದ ಬರಬೇಕು? ಅವರು ಸೈಕಲ್ಲುಗಳನ್ನೇರಿ ಬಂದರು. ರೈಲನ್ನು ತರಲು ಸಾಧ್ಯವಿರಲಿಲ್ಲವಾಗಿ ದರೋಡೆ ಬಸ್ಸಿನಲ್ಲಿ ನಡೆಯಿತು. ಇಲ್ಲದುದನ್ನು ಮರೆಮಾಚಲು ಅವರು ಹೆಣಗಲಿಲ್ಲ. ಆ ಇಲ್ಲದಿರುವಿಕೆಯನ್ನೇ ಹಾಸ್ಯವನ್ನಾಗಿ ಮಾಡಿದರು. ತಮ್ಮದೇ ಓಣಿ, ತಮ್ಮದೇ ಮಾತು, ಪರಿಚಿತ ಮುಖಗಳನ್ನು ತೆರೆಯ ಮೇಲೆ ಕಂಡು ಊರಿನವರು ಸಂತೋಷದಿಂದ ಮುಗಿಬಿದ್ದರು.

ಬಡತನ ಅವರ ಕೈಗಳನ್ನು ಕಟ್ಟಿಹಾಕಲಿಲ್ಲ. ಚಲಿಸುತ್ತಿರುವ ನಟನನ್ನು ಹಿಂಬಾಲಿಸಿ ಚಿತ್ರಿಸಲು ದೊಡ್ಡ ಸಂಸ್ಥೆಗಳು ಹಳಿಗಳ ಮೇಲೆ ಉರುಳುವ ಗಾಡಿಯನ್ನು ಬಳಸುತ್ತವೆ. ಇಲ್ಲಿ ಆ ಕೆಲಸವನ್ನು ಸೈಕಲ್ಲು ಮಾಡಿತು. ಎತ್ತರದಿಂದ ಚಿತ್ರಿಸಲು ಕ್ರೇನು ಬೇಕು. ಇಲ್ಲಿ ಎತ್ತು ಕಟ್ಟದ ಗಾಡಿಯೇ ಕ್ರೇನಾಯಿತು. ಕಥೆ ಬರೆಯುವವರು, ನಟಿಸುವವರು, ಉಡುಪು ಹೊಂದಿಸುವವರು ಎಲ್ಲರೂ ತಮ್ಮ ಹೊಟ್ಟೆಪಾಡಿನ ಕಸುಬನ್ನು ಮಾಡಿಕೊಂಡೇ ಬಿಡುವಿನಲ್ಲಿ ಬಂದು ಸೇರುತ್ತಿದ್ದರು.

ಮುಂದೆ ಅವರು 'ಮಾಲೇಗಾಂವ್ ಕಾ ಸೂಪರ್‌ಮ್ಯಾನ್' ಎಂಬ ಚಿತ್ರಕ್ಕೆ ಕೈಹಾಕಿದರು. ಅಮೆರಿಕದ ಆ ಮಹಾವೀರನ ಪಾತ್ರಕ್ಕೆ ಆಯ್ಕೆಯಾದವರು ಮಗ್ಗದ ಕೆಲಸಗಾರರಾದ ಶಫೀಕ್ ಎಂಬ ಬಡಕಲು ಮೈಯ ತರುಣರು. ಆಕಾಶದಲ್ಲಿ ಹಾರುವ ದೃಶ್ಯಕ್ಕಾಗಿ ಹಸಿರು ಬಟ್ಟೆಯನ್ನು ಹಿನ್ನೆಲೆಯಾಗಿ ಕಟ್ಟಿ, ಅವರನ್ನು ಅದರ ಮುಂದೆ ಹಾರುವ ಭಂಗಿಯಲ್ಲಿ ಚಿತ್ರಿಸಿದರು. ಬಳಿಕ ಗಣಕಯಂತ್ರದ ನೆರವಿನಿಂದ ಹಸಿರನ್ನು ಅಳಿಸಿ ಆಕಾಶವನ್ನು ಸೇರಿಸಿದರು. ಒಮ್ಮೆ ಕ್ಯಾಮೆರಾ ನೀರಿಗೆ ಬಿದ್ದು ಕೆಲಸವೇ ನಿಂತಿತು. ಅವರು ಎದೆಗುಂದದೆ ಅದನ್ನು ದುರಸ್ತಿ ಮಾಡಿಸಿ ಮತ್ತೆ ತೊಡಗಿದರು. ಈ ಪ್ರಯತ್ನವನ್ನೆಲ್ಲ ಫೈಜಾ ಅಹ್ಮದ್ ಖಾನ್ ಅವರು 2008ರಲ್ಲಿ ಒಂದು ಸಾಕ್ಷ್ಯಚಿತ್ರವಾಗಿ ರೂಪಿಸಿದರು. ಅದರ ಮೂಲಕ ಮಾಲೇಗಾಂವಿನ ಹೆಸರು ದೇಶ ವಿದೇಶಗಳನ್ನು ಮುಟ್ಟಿತು.

ಆ ಸೂಪರ್‌ಮ್ಯಾನ್ ಕಾದಾಡಿದ್ದು ಬೇರಾವ ಶತ್ರುವಿನೊಡನೆಯೂ ಅಲ್ಲ. ಊರಿಗೆ ಅಂಟಿದ ಕೊಳಕು ಮತ್ತು ತಂಬಾಕಿನ ಚಟದೊಡನೆ. ತೆರೆಯ ಮೇಲೆ ಆತ ಗೆದ್ದ. ಆದರೆ ಆ ಪಾತ್ರವನ್ನು ಧರಿಸಿದ ಶಫೀಕ್ ಅವರು ಬಾಯಿಯ ಕ್ಯಾನ್ಸರಿಗೆ ತುತ್ತಾದರು. 2012ರಲ್ಲಿ ಸಾಕ್ಷ್ಯಚಿತ್ರ ಚಿತ್ರಮಂದಿರಗಳಿಗೆ ಬರುವ ವೇಳೆಗೆ ಅವರು ಬದುಕಿರಲಿಲ್ಲ. ಬದುಕಿನಲ್ಲಿ ಮಗ್ಗದ ಮುಂದಿನಿಂದ ಕದಲಲಾಗದ ಒಬ್ಬ ಕೆಲಸಗಾರ, ಗೆಳೆಯರು ಕಟ್ಟಿದ ಹಸಿರು ಬಟ್ಟೆಯ ಎದುರು ಕೆಲವು ಗಳಿಗೆ ಆಕಾಶಕ್ಕೇರಿದ್ದನ್ನು ಅವರ ಊರು ಮರೆಯಲಾರದು.

ಇವೆಲ್ಲ ಬೇರೆಯವರ ಚಿತ್ರಗಳ ಅನುಕರಣೆಯಲ್ಲವೇ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಅಕ್ಷರ ಕಲಿಯುವ ಮಗುವೂ ಮೊದಲು ತಿದ್ದುವುದು ಬೇರೆಯವರು ಬರೆದುಕೊಟ್ಟ ಅಕ್ಷರವನ್ನೇ. ಕುದುರೆಯ ಬದಲು ಸೈಕಲ್ಲನ್ನು ತಂದ ಕ್ಷಣದಲ್ಲಿಯೇ ಆ ಕಥೆ ಮಾಲೇಗಾಂವಿನದಾಯಿತು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಊರಿನ ಹೆಣ್ಣುಮಕ್ಕಳು ನಟಿಸಲು ಅಲ್ಲಿಯ ರೂಢಿ ಒಪ್ಪುತ್ತಿರಲಿಲ್ಲ. ನಟಿಯರನ್ನು ಹೊರಗಿನಿಂದ ಕರೆಸಬೇಕಾಗುತ್ತಿತ್ತು. ಊರೇ ತಯಾರಿಸಿದ ಚಿತ್ರಗಳಲ್ಲಿ ಊರಿನ ಅರ್ಧದಷ್ಟು ಜನರಿಗೆ ಸ್ಥಳವಿಲ್ಲದೆ ಹೋಯಿತು.

ವಿಡಿಯೋ ಪಾರ್ಲರುಗಳ ಕಾಲ ಈಗ ಕಳೆದಿದೆ. ಮಾಲೇಗಾಂವಿನ ಹಾಸ್ಯಚಿತ್ರಗಳು ಇಂದು ಯೂಟ್ಯೂಬಿನ ಮೂಲಕ ಲಕ್ಷಾಂತರ ಜನರನ್ನು ತಲುಪುತ್ತಿವೆ. ಯಾವ ಮುಂಬಯಿಯ ಚಿತ್ರಗಳನ್ನು ನಾಸಿರ್ ಮತ್ತು ಅವರ ಗೆಳೆಯರು ಅನುಕರಿಸಿದ್ದರೋ ಅದೇ ಮುಂಬಯಿ ಅವರ ಬದುಕನ್ನು ಕಥೆಯನ್ನಾಗಿಸಿಕೊಂಡಿತು. ರೀಮಾ ಕಾಗ್ತಿ ಅವರು ನಿರ್ದೇಶಿಸಿದ 'ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್' 2025ರಲ್ಲಿ ಚಿತ್ರಮಂದಿರಗಳಿಗೆ ಬಂದಿತು.

ಈಗ ಕ್ಯಾಮೆರಾ ಇರುವ ಫೋನು ಅನೇಕರ ಕೈಯಲ್ಲಿದೆ. ನಾಸಿರ್ ಅವರ ಬಳಿಯಿದ್ದುದಕ್ಕಿಂತ ಅದು ಎಷ್ಟೋ ಪಾಲು ಉತ್ತಮವಾದುದು. ಆದರೆ ಆ ಗೆಳೆಯರನ್ನು ನಡೆಸಿದ್ದು ಯಂತ್ರವಲ್ಲ. ತಮ್ಮ ಊರೂ ನೋಡತಕ್ಕದ್ದು, ತಮ್ಮ ಮಾತೂ ಕೇಳತಕ್ಕದ್ದು ಎಂಬ ನಂಬಿಕೆ ಅವರಲ್ಲಿತ್ತು. ಹತ್ತು ಜನ ಕೂಡಿ ದುಡಿಯುವ ಸ್ನೇಹವಿತ್ತು. ಅವೆರಡೂ ಇದ್ದುದರಿಂದಲೇ ಮಗ್ಗದ ಸದ್ದಿನ ಆ ಓಣಿಗಳಲ್ಲಿ ಸೈಕಲ್ಲು ಕುದುರೆಯಾಯಿತು, ಕೆಲಸಗಾರ ಮಹಾವೀರನಾದ.