ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳು

ಜಠರದಲ್ಲಿಯೋ ಕರುಳಿನಲ್ಲಿಯೋ ಅರ್ಬುದವುಂಟೆಂದು ವೈದ್ಯರು ಹೇಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಏನೆಂಬುದನ್ನು ವಿದ್ಯಾರ್ಥಿನಿಯರಾದ ನೀವು ಬಲ್ಲಿರಿ. ಬೇಳೆ ನಿಲ್ಲುತ್ತದೆ, ಮೊಟ್ಟೆ ನಿಲ್ಲುತ್ತದೆ. ಪಥ್ಯವೆಂಬ ಹೆಸರಿನಲ್ಲಿ ರೋಗಿಗೆ ತಿಳಿಗಂಜಿಯೊಂದೇ ಗತಿ. ನನ್ನ ಚಿಕ್ಕಮ್ಮನವರಿಗೆ ಮೂರು ವಾರ ಹೀಗೆ ಗಂಜಿ ಕುಡಿಸಿದವಳು ನಾನೇ. ಅವರ ಗಾಯವು ಕೀವುಗಟ್ಟಿ ಮಾಯಲು ಎರಡು ತಿಂಗಳು ಹಿಡಿಯಿತು. ಗಂಜಿಯೇ ಕಾರಣವೆಂದು ಹೇಳಲಾರೆನು. ಆದರೆ ಆ ಮೂರು ವಾರಗಳನ್ನು ನಾನು ವ್ಯರ್ಥಮಾಡಿದೆನೆಂಬುದು ನಿಜ.

1936ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಹೈರಮ್ ಸ್ಟಡ್ಲಿ ಎಂಬವರು ಜಠರವ್ರಣಕ್ಕಾಗಿ ಶಸ್ತ್ರಚಿಕಿತ್ಸೆ ಹೊಂದಿದವರ ತೂಕವನ್ನು ಲೆಕ್ಕಹಾಕಿದರು. ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ನೂರಕ್ಕೆ 33 ಮಂದಿ ತೀರಿಕೊಂಡಿದ್ದರು. ಉಳಿದವರಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ. ಅವರ ರೋಗವು ಅರ್ಬುದವಲ್ಲದಿದ್ದರೂ ಪಾಠವು ಒಂದೇ.

ರೋಗಕ್ರಿಮಿಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಬೆಳೆಯುವುದಕ್ಕೆ ಪ್ರೋಟೀನು ಬೇಕು. ತಿಳಿಗಂಜಿಯಲ್ಲಿ ಅದು ಅತ್ಯಲ್ಪ. ಇದಲ್ಲದೆ, ದೊಡ್ಡ ಶಸ್ತ್ರಚಿಕಿತ್ಸೆಯಾದೊಡನೆ ಪ್ರೋಟೀನಿನ ಒಂದು ಅಂಶವಾದ ಆರ್ಜಿನೈನ್ ರಕ್ತದಲ್ಲಿ ಇಳಿದುಹೋಗುತ್ತದೆ. ಅದಿಲ್ಲದೆ ಲಿಂಫೋಸೈಟ್ ಎಂಬ ಕಣಗಳು ಚೆನ್ನಾಗಿ ವೃದ್ಧಿಯಾಗವು. ಕಾವಲು ಅತ್ಯವಶ್ಯವಾದ ವಾರದಲ್ಲಿಯೇ ಕಾವಲುಗಾರರು ಕಡಿಮೆಯಾಗುತ್ತಾರೆ.

ಇದಕ್ಕೆ ಮುಂಚಿತವಾಗಿ ಸಿದ್ಧರಾಗಬಹುದೇ ಎಂದು ಇಟಲಿಯ ಮಿಲಾನಿನ ವೈದ್ಯರು ಜೀರ್ಣಾಂಗಗಳ ಅರ್ಬುದವುಳ್ಳ 305 ರೋಗಿಗಳಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ತೀರ ಬಡಕಲಾದವರನ್ನು ಇದರಲ್ಲಿ ಸೇರಿಸಿರಲಿಲ್ಲ. ಒಂದು ಗುಂಪಿನವರು ಶಸ್ತ್ರಚಿಕಿತ್ಸೆಗೆ ಮುಂಚಿನ 5 ದಿನ, ವಾಡಿಕೆಯ ಊಟದೊಂದಿಗೆ, ಆರ್ಜಿನೈನೂ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬೂ ಸೇರಿದ ಪಾನೀಯವನ್ನು ದಿನಕ್ಕೆ ಒಂದು ಲೀಟರಿನಂತೆ ಕುಡಿದರು. ಅವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ ಸೋಂಕು ತಗುಲಿತು. ಏನನ್ನೂ ಕುಡಿಯದಿದ್ದ ಗುಂಪಿನಲ್ಲಿ ನೂರಕ್ಕೆ 30 ಮಂದಿಗೆ. ಅನಂತರದ ಪರೀಕ್ಷೆಗಳೆಲ್ಲವೂ ಇಷ್ಟು ಸ್ಪಷ್ಟವಾದ ಫಲವನ್ನು ತೋರಿಸಲಿಲ್ಲವೆಂಬುದನ್ನೂ ನಾನು ಮರೆಮಾಡಲಾರೆನು. ಈ ಪಾನೀಯವು ಅರ್ಬುದವನ್ನು ಕರಗಿಸುವ ಔಷಧವೂ ಅಲ್ಲ. "ಶಕ್ತಿವರ್ಧಕ"ವೆಂದು ಅಂಗಡಿಯಲ್ಲಿ ಮಾರುವ ಪುಡಿಗಳಿಗೂ ಇದಕ್ಕೂ ಸಂಬಂಧವಿಲ್ಲ.

ತೀರ ಕೃಶರಾದವರಿಗೆ ಒಂದೆರಡು ವಾರ ಶಸ್ತ್ರಚಿಕಿತ್ಸೆಯನ್ನು ಮುಂದೂಡಿಯಾದರೂ ಮೊದಲು ಪೋಷಣೆ ಕೊಡಬೇಕೆಂಬುದು ಈಗಿನ ವೈದ್ಯರ ಅಭಿಪ್ರಾಯ. ಅನ್ನನಾಳ ಕಟ್ಟಿದ್ದರೆ ನಳಿಗೆಯ ಮೂಲಕ ಉಣಿಸುವರು. ನುಂಗಬಲ್ಲವರಿಗೆ ವೈದ್ಯರ ಅಪ್ಪಣೆ ಪಡೆದು ಮೊಟ್ಟೆ, ಮೀನು, ಕಟ್ಟಿದ ಬೇಳೆ, ಮೊಸರುಗಳನ್ನು ದಿನಕ್ಕೆ ಐದಾರು ಸಾರಿ ಸ್ವಲ್ಪಸ್ವಲ್ಪವಾಗಿ ಕೊಡಿರಿ. ವಾರಕ್ಕೊಮ್ಮೆ ರೋಗಿಯ ತೂಕವನ್ನು ನೋಡಿ ಬರೆದಿಟ್ಟು, ಆ ಚೀಟಿಯನ್ನು ಆಸ್ಪತ್ರೆಗೆ ಕೊಂಡೊಯ್ಯಿರಿ.