ನಮ್ಮ ಕೊಟ್ಟಿಗೆಯ ಕಾರಿನ ಇಟಲಿ ನೆಂಟ

ಗೆಳೆಯರೇ, ಹೋದ ಸಲದ ಗೋಡೆ ಪತ್ರಿಕೆಯಲ್ಲಿ ರೇಷ್ಮೆ ಹುಳುವಿನ ಪಾಠ ಓದಿದಿರಿ. ಈ ಸಲ ನನ್ನ ಸರದಿ. ನಾನು ಒಂದು ಕಾರಿನ ಚರಿತ್ರೆಯನ್ನು ಬರೆಯುತ್ತಿದ್ದೇನೆ. "ಇದು ವಿಜ್ಞಾನದ ಕಡೆಗೆ ಅಂಟಿಸಬೇಕೋ, ಸಮಾಜದ ಕಡೆಗೋ?" ಅಂತ ಮೇಷ್ಟ್ರು ಕೇಳಿದರು. "ಎರಡೂ ಇದೆ ಸಾರ್" ಅಂದೆ. ಅದಕ್ಕೇ ನಡುವೆ ಅಂಟಿಸಿದ್ದೇವೆ.

ನಮ್ಮ ಮನೆ ಕೊಟ್ಟಿಗೆಯಲ್ಲಿ ಒಂದು ಬಿಳಿ ಕಾರು ನಿಂತಿದೆ. ಅದರ ಹೆಸರು ಪ್ರೀಮಿಯರ್ 118 ಎನ್‌ಇ. ನಮ್ಮ ತಾತ 1988ರಲ್ಲಿ ತಂದದ್ದು. ರೇಷ್ಮೆಗೂಡು ಹಾಕಿಕೊಂಡು ಮಾಸ್ತಿಯಿಂದ ಕೋಲಾರಕ್ಕೆ ಹೋಗುವುದಕ್ಕೂ, ಮುಳಬಾಗಿಲಿನ ನೆಂಟರ ಮದುವೆಗೂ, ಅಜ್ಜಿಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ ಆಗಿತ್ತಂತೆ. ಈಗ ಎಂಟು ವರ್ಷದಿಂದ ನಿಂತಲ್ಲೇ ನಿಂತಿದೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಯುಗಾದಿ ಕಳೆದ ವಾರ ಗುಜರಿಯವರು ಬಂದು, ಸುತ್ತ ನೋಡಿ, ಕಬ್ಬಿಣದ ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿ ಹೋದರು. ಅಪ್ಪ "ಕೊಟ್ಟುಬಿಡೋಣ" ಅಂದರು. ತಾತ ಏನೂ ಮಾತಾಡಲಿಲ್ಲ.

ಮಾರನೆಯ ದಿನ ನಮ್ಮ ಟ್ರ್ಯಾಕ್ಟರ್ ರಿಪೇರಿಗೆ ಮಾಲೂರಿನಿಂದ ಮೆಕ್ಯಾನಿಕ್ ಮಾಮ ಬಂದಿದ್ದರು. ಕಾರಿನ ಬಾನೆಟ್ ಮೇಲೆ ಕೈಯಿಟ್ಟು, "ಇದರ ಒಡಹುಟ್ಟು ಇಟಲೀಲಿ ದೊಡ್ಡ ಸ್ಪೋರ್ಟ್ಸ್ ಕಾರು ಕಣೋ, ಗೊತ್ತಾ?" ಅಂದರು. ನಾನು ನಂಬಲಿಲ್ಲ. ಮೇಷ್ಟ್ರನ್ನು ಕೇಳಿ, ಅವರ ಸಹಾಯದಿಂದ ಓದಿ ತಿಳಿದುಕೊಂಡೆ. ಮಾಮ ಹೇಳಿದ್ದು ನಿಜ.

1. ಒಂದೇ ವರ್ಷ ಹುಟ್ಟಿದ ಅಣ್ಣ ತಮ್ಮ

ಇಟಲಿಯ ಉತ್ತರಕ್ಕೆ ಟ್ಯೂರಿನ್ ಎಂಬ ಪಟ್ಟಣವಿದೆ. ಅಲ್ಲಿ 1899ರಲ್ಲಿ ಫಿಯಟ್ ಕಂಪನಿ ಪ್ರಾರಂಭವಾಯಿತು. 1966ರಲ್ಲಿ ಅವರು 124 ಎಂಬ ಕಾರನ್ನು ಹೊರತಂದರು. ನಾಲ್ಕು ಬಾಗಿಲು, ಪೆಟ್ಟಿಗೆಯಂಥ ಆಕಾರ, ಮನೆಮಂದಿಯೆಲ್ಲ ಕೂರಬಹುದಾದ ಜಾಗ. ಯೂರೋಪಿನ ಪತ್ರಕರ್ತರು ಅದನ್ನು 1967ರ ವರ್ಷದ ಕಾರು ಎಂದು ಆರಿಸಿದರು. ಇದು ಅಣ್ಣ.

ಅದೇ 1966ರ ನವೆಂಬರ್‌ನಲ್ಲಿ ಟ್ಯೂರಿನ್ ಕಾರು ಪ್ರದರ್ಶನದಲ್ಲಿ ತಮ್ಮ ಬಂದ. ಅವನ ಹೆಸರು 124 ಸ್ಪೋರ್ಟ್ ಸ್ಪೈಡರ್. ಎರಡೇ ಬಾಗಿಲು. ತಲೆಯ ಮೇಲೆ ತಗಡಿಲ್ಲ, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು. ಜೀಪಿನ ಟಾರ್ಪಾಲಿನ ಹಾಗೆ ಕಟ್ಟಿ ಬಿಚ್ಚಿ ಒದ್ದಾಡಬೇಕಿಲ್ಲ, ಸೀಟಿನಲ್ಲಿ ಕೂತೇ ಹಿಂದಕ್ಕೆ ತಳ್ಳಬಹುದು.

ಸ್ಪೈಡರ್ ಅಂದರೆ ಜೇಡ ತಾನೇ, ಕಾರಿಗೇಕೆ ಆ ಹೆಸರು ಅಂತ ನೀವು ಕೇಳಬಹುದು. ಮೋಟಾರು ಬರುವುದಕ್ಕೆ ಮುಂಚೆ ತೆಳ್ಳನೆಯ ದೊಡ್ಡ ಚಕ್ರಗಳ, ತೆರೆದ ಹಗುರ ಕುದುರೆ ಗಾಡಿಗೆ ಸ್ಪೈಡರ್ ಎಂದು ಕರೆಯುತ್ತಿದ್ದರು. ಆ ಹೆಸರೇ ಇಟಲಿಯಲ್ಲಿ ತೆರೆದ ಇಬ್ಬರ ಕಾರಿಗೂ ಉಳಿಯಿತು.

2. ರೂಪ ಕೊಟ್ಟವರು

ಈ ತಮ್ಮನ ಮೈಕಟ್ಟು ಮಾಡಿದ್ದು ಫಿಯಟ್ ಅಲ್ಲ, ಅದೇ ಊರಿನ ಪಿನಿನ್‌ಫರೀನ ಸಂಸ್ಥೆ. ಬತ್ತಿಸ್ತ ಫರೀನ ಎಂಬವರು 1930ರಲ್ಲಿ ಅದನ್ನು ಸ್ಥಾಪಿಸಿದರು. ಅವರನ್ನು ಮನೆಯಲ್ಲಿ 'ಪಿನಿನ್' ಎಂದು ಕರೆಯುತ್ತಿದ್ದರು. ಆ ಸೀಮೆಯ ಮಾತಿನಲ್ಲಿ ಅದಕ್ಕೆ 'ಚಿಕ್ಕವನು' ಎಂದರ್ಥ, ನಾವು ಪುಟ್ಟ ಅನ್ನುವ ಹಾಗೆ. 1961ರಲ್ಲಿ ಅವರ ಮನೆತನದ ಹೆಸರೇ ಕಾನೂನಿನ ಪ್ರಕಾರ ಪಿನಿನ್‌ಫರೀನ ಎಂದಾಯಿತು. ಸ್ಪೈಡರಿನ ಚಿತ್ರ ಬರೆದವರು ಅಲ್ಲಿ ಕೆಲಸ ಮಾಡುತ್ತಿದ್ದ ಟಾಮ್ ಚಾರ್ಡ ಎಂಬ ಅಮೆರಿಕದವರು.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಈ ಪಿನಿನ್‌ಫರೀನ ಸಂಸ್ಥೆಯನ್ನು ಕೊಳ್ಳಲು 2015ರಲ್ಲಿ ನಮ್ಮ ದೇಶದ ಮಹೀಂದ್ರ ಗುಂಪು ಒಪ್ಪಂದ ಮಾಡಿಕೊಂಡಿತು. ನಮ್ಮ ಹೊಲದಲ್ಲಿ ಓಡುವ ಟ್ರ್ಯಾಕ್ಟರಿನ ಅದೇ ಮಹೀಂದ್ರ!

3. ಟಾಪು ತೆಗೆದರೆ ಏನಾಗುತ್ತದೆ? ಒಂದು ಪ್ರಯೋಗ

ಕಾರಿನ ಚಾವಣಿ ಬರೀ ಬಿಸಿಲು ಮಳೆಗೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಒಂದು ರಟ್ಟಿನ ಬೂಟಿನ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ಹಾಕಿ ಸುತ್ತಲೂ ಗಮ್ಮಿನ ಪಟ್ಟಿ ಅಂಟಿಸಿ. ಎರಡು ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ಸುಲಭವಾಗಿ ತಿರುಚುವುದಿಲ್ಲ. ಈಗ ಮುಚ್ಚಳ ತೆಗೆದು ತಿರುಚಿ. ಕೈಗೆ ಬಂದ ಹಾಗೆ ಸೊಟ್ಟಗಾಗುತ್ತದೆ. ಟಾಪು ತೆಗೆದ ಕಾರೂ ಹಾಗೆಯೇ, ಗುಂಡಿಗೆ ಚಕ್ರ ಇಳಿದರೆ ಮೈಯೇ ತಿರುಚಿಕೊಳ್ಳುತ್ತದೆ.

ಇದಕ್ಕೆ ಎರಡು ಉಪಾಯಗಳಿವೆ. ಡಬ್ಬವನ್ನು ಕತ್ತರಿಸಿ ಗಿಡ್ಡ ಮಾಡಿ, ತಿರುಚುವುದು ಕಡಿಮೆಯಾಗುತ್ತದೆ. ಕೆಳಗೆ ಎರಡು ಬದಿಗೂ ಉದ್ದಕ್ಕೆ ರಟ್ಟಿನ ಕೊಳವೆ ಅಂಟಿಸಿ, ಇನ್ನೂ ಗಟ್ಟಿಯಾಗುತ್ತದೆ. ಸ್ಪೈಡರಿನಲ್ಲಿ ಈ ಎರಡೂ ಇವೆ. ಅಣ್ಣನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2420 ಮಿಲಿಮೀಟರ್. ತಮ್ಮನದು 2280. ಅಂದರೆ 14 ಸೆಂಟಿಮೀಟರ್ ಗಿಡ್ಡ. ಬಾಗಿಲಿನ ಕೆಳಗೆ ನಾವು ಕಾಲು ದಾಟಿಸುವ ಹೊಸ್ತಿಲು ಇದೆಯಲ್ಲ, ಅದೇ ಆ ಕೊಳವೆ. ಎಲ್ಲ ಕಾರಿಗೂ ಅದು ಮುಖ್ಯ, ಟಾಪಿಲ್ಲದ ಕಾರಿಗಂತೂ ಅದೇ ಬೆನ್ನುಮೂಳೆ. ಅಲ್ಲಿ ತುಕ್ಕು ಹಿಡಿಯಿತೆಂದರೆ ಕಾರು ಸೋತಿತು. ಹಳೆಯ ಸ್ಪೈಡರ್ ಕೊಳ್ಳುವವರು ಈಗಲೂ ಮೊದಲು ಬಗ್ಗಿ ನೋಡುವುದು ಅಲ್ಲೇ.

4. ಹಲ್ಲಿರುವ ಪಟ್ಟಿ

ಸ್ಪೈಡರಿನ ಇಂಜಿನ್ ಮಾಡಿದವರು ಔರೇಲಿಯೋ ಲಾಂಪ್ರೇದಿ. ಮೊದಲು ಫೆರಾರಿ ಕಂಪನಿಯಲ್ಲಿ ರೇಸಿನ ಇಂಜಿನ್ ಮಾಡುತ್ತಿದ್ದು, 1955ರಲ್ಲಿ ಫಿಯಟ್‌ಗೆ ಬಂದವರು. ಇಂಜಿನ್ನಿಗೆ ಗಾಳಿ ಬಿಡಲು, ಹೊಗೆ ಕಳಿಸಲು ವಾಲ್ವುಗಳಿರುತ್ತವೆ. ಅವನ್ನು ಒತ್ತುವ ದಂಡಕ್ಕೆ ಕ್ಯಾಮ್ ಶಾಫ್ಟ್ ಎನ್ನುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಆಗ ಅದು ಕೆಳಗಿರುತ್ತಿತ್ತು, ಉದ್ದ ಕಡ್ಡಿಗಳಿಂದ ಮೇಲಿನ ವಾಲ್ವನ್ನು ತಳ್ಳುತ್ತಿತ್ತು. ಲಾಂಪ್ರೇದಿ ಎರಡು ಶಾಫ್ಟುಗಳನ್ನು ತಲೆಯ ಮೇಲೆಯೇ ಕೂರಿಸಿದರು. ತಿರುಗಿಸಲು ಚೈನಿನ ಬದಲು ಹಲ್ಲಿರುವ ರಬ್ಬರ್ ಪಟ್ಟಿ ಹಾಕಿದರು. ಹಿಟ್ಟಿನ ಮಿಷನ್ನಿನ ಬೆಲ್ಟ್ ನೋಡಿದ್ದೀರಲ್ಲ, ಅದಕ್ಕೆ ಒಳಗಡೆ ಹಲ್ಲು ಬಂದ ಹಾಗೆ. ಸದ್ದು ಕಡಿಮೆ, ಭಾರವೂ ಕಡಿಮೆ. ಆದರೆ ಕಾಲಕ್ಕೆ ಸರಿಯಾಗಿ ಪಟ್ಟಿ ಬದಲಾಯಿಸಬೇಕು. 1438 ಸಿಸಿಯ ಆ ಇಂಜಿನ್ನಿಗೆ ಸುಮಾರು 90 ಕುದುರೆ ಶಕ್ತಿ. ಜೊತೆಗೆ ಐದು ಗೇರು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು.

5. ಹೆಸರು ತಮ್ಮನಿಗೆ, ದುಡಿಮೆ ಅಣ್ಣನಿಗೆ

ಸ್ಪೈಡರ್ 1985ರವರೆಗೆ ತಯಾರಾಯಿತು. ಒಟ್ಟು ಹತ್ತಿರ ಹತ್ತಿರ 2 ಲಕ್ಷ ಕಾರುಗಳು. ಬಹುಪಾಲು ಅಮೆರಿಕಕ್ಕೆ ಹೋದವು. ಅದರದೇ ರ‍್ಯಾಲಿ ಮಾದರಿ 1972 ಮತ್ತು 1975ರಲ್ಲಿ ಯೂರೋಪಿನ ರ‍್ಯಾಲಿ ಚಾಂಪಿಯನ್ ಪಟ್ಟ ಗೆದ್ದಿತು. 2016ರಲ್ಲಿ ಅದೇ ಹೆಸರಿನ ಹೊಸ ಕಾರು ಬಂತು. ಅದನ್ನು ತಯಾರಿಸಿದ್ದು ಜಪಾನಿನ ಹಿರೋಶಿಮಾದಲ್ಲಿ, ಮಜ್ದಾ ಕಂಪನಿಯ ಜೊತೆ ಸೇರಿ. ಅದೂ 2020ಕ್ಕೆ ನಿಂತಿತು.

ಅಣ್ಣನ ಕತೆ ಬೇರೆ. ಸ್ಪೇನಿನಲ್ಲಿ ಸಿಯಾಟ್ ಕಂಪನಿ ಅವನನ್ನು ತಯಾರಿಸಿತು. ರಷ್ಯಾದವರು ವೋಲ್ಗಾ ನದಿಯ ದಡದ ತೊಗ್ಲಿಯಾತ್ತಿ ಊರಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, 1970ರಿಂದ ಜಿಗುಲಿ ಎಂಬ ಹೆಸರಿನಲ್ಲಿ ಮಾಡಿದರು. ತುರ್ಕಿ ದೇಶದಲ್ಲಿ ಅವನೇ ಮುರಾತ್ ಆದ. 1980ರ ದಶಕದ ಮಧ್ಯದಲ್ಲಿ ಬೊಂಬಾಯಿಯ ಪ್ರೀಮಿಯರ್ ಕಂಪನಿ ಸ್ಪೇನಿನ 124ರ ಅಚ್ಚುಗಳನ್ನು ತರಿಸಿಕೊಂಡು, ಅದರೊಳಗೆ ಜಪಾನಿನ ನಿಸಾನ್ ಕಂಪನಿಯ 1171 ಸಿಸಿ ಇಂಜಿನ್ ಕೂರಿಸಿತು. ಅದೇ 118 ಎನ್‌ಇ. ಎನ್‌ಇ ಅಂದರೆ ನಿಸಾನ್ ಇಂಜಿನ್. ಇದರಲ್ಲಿ ಕ್ಯಾಮ್ ಶಾಫ್ಟ್ ಹಳೆಯ ಕ್ರಮದಂತೆ ಕೆಳಗಿದೆ. ಇಟಲಿಯ ಮೈ, ಸ್ಪೇನಿನ ಅಚ್ಚು, ಜಪಾನಿನ ಹೃದಯ, ನಮ್ಮ ದೇಶದ ಕೈಕೆಲಸ!

6. ನಮ್ಮ ಮನೆಯಲ್ಲಿ ಏನಾಯಿತು

ಇಷ್ಟನ್ನೂ ನೋಟ್ ಬುಕ್ಕಿನಲ್ಲಿ ಬರೆದು ರಾತ್ರಿ ಊಟದ ಹೊತ್ತಿಗೆ ಓದಿ ಹೇಳಿದೆ. ತಾತ ಎರಡು ಸಲ ಓದಿಸಿದರು. "ನಮ್ಮದು ಟಾಪಿರೋ ಅಣ್ಣ. ರೇಸು ಗೆಲ್ಲಲಿಲ್ಲ, ಆದರೆ ನಿಮ್ಮಜ್ಜೀನ ಉಳಿಸ್ತು" ಅಂದರು.

ಅಪ್ಪ ಹೇಳಿದ್ದೂ ಸುಳ್ಳಲ್ಲ. ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ನಮ್ಮದು ಆಗಿಲ್ಲ. ಟೈರು, ಬ್ಯಾಟರಿ ಎಲ್ಲ ಹೊಸದಾಗಬೇಕು. ಟೊಮೇಟೊ ಬೆಲೆ ಬಿದ್ದ ವರ್ಷ ಇದಕ್ಕೆ ದುಡ್ಡೆಲ್ಲಿಂದ ತರುವುದು? 2021ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿದೆ. ಮೂಲ ರೂಪದಲ್ಲೇ ಉಳಿದ, 50 ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸಬಹುದು. ನಮ್ಮ ಕಾರಿಗೆ 50 ತುಂಬುವುದು 2038ಕ್ಕೆ. "ಅಲ್ಲಿವರೆಗೆ ಕೋಳಿಗೇ ಇರಲಿ" ಅಂತ ಅಪ್ಪ ನಕ್ಕರು.

ಭಾನುವಾರ ನಾನು, ತಾತ ಕೋಳಿಯನ್ನು ಬೇರೆ ಕಡೆ ಕೂರಿಸಿ ಕಾರಿನ ಹೊಸ್ತಿಲು ಉಜ್ಜಿ ನೋಡಿದೆವು. ಎಡಗಡೆಯದು ಗಟ್ಟಿ ಇದೆ. ಬಲಗಡೆ ಕೊಟ್ಟಿಗೆಯ ಹೆಂಚು ಸೋರಿ ನೀರು ಬಿದ್ದಲ್ಲಿ ಬೆರಳು ಒಳಗೆ ಹೋಯಿತು. ತಪ್ಪು ಕಾರಿನದಲ್ಲ, ಒಂದು ಹೆಂಚು ಬದಲಾಯಿಸದ ನಮ್ಮದು. ಮೆಕ್ಯಾನಿಕ್ ಮಾಮ ಬಂದು ನೋಡಿ, ತಗಡು ವೆಲ್ಡ್ ಮಾಡಿದರೆ ಉಳಿಯುತ್ತದೆ ಅಂದರು. ಅಪ್ಪ ದೀಪಾವಳಿವರೆಗೆ ಗಡುವು ಕೊಟ್ಟಿದ್ದಾರೆ. ಹೊಸ ಹೆಂಚು ಮಾತ್ರ ಅವರೇ ಅವತ್ತೇ ಹತ್ತಿ ಹಾಕಿದರು.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಳೆಯ ಪಂಪ್‌ಸೆಟ್ಟು, ರೇಡಿಯೋ, ಹೊಲಿಗೆ ಮಿಷನ್ನು ಇರಬಹುದು. ತೂಕಕ್ಕೆ ಹಾಕುವ ಮುಂಚೆ ಅದು ಎಲ್ಲಿಂದ ಬಂತು, ಯಾರು ಮಾಡಿದರು ಅಂತ ಒಂದು ಸಲ ಕೇಳಿ. ಆಮೇಲೂ ಮಾರಬಹುದು. ಆದರೆ ತಿಳಿದು ಮಾರಬೇಕು.

ಉತ್ತರಿಸಿ ನೋಡೋಣ:
1) 118 ಎನ್‌ಇ ಎಂಬ ಹೆಸರಿನಲ್ಲಿ ಎನ್‌ಇ ಅಂದರೆ ಏನು?
2) ಸ್ಪೈಡರನ್ನು ಅಣ್ಣನಿಗಿಂತ ಗಿಡ್ಡ ಮಾಡಿದ್ದರಿಂದ ಆದ ಅನುಕೂಲವೇನು?
3) ಡಬ್ಬದ ಪ್ರಯೋಗ ಮಾಡಿ, ಗಿಡ್ಡ ಡಬ್ಬ ಹೆಚ್ಚು ಗಟ್ಟಿಯೋ, ಕೊಳವೆ ಅಂಟಿಸಿದ ಡಬ್ಬವೋ, ಬರೆಯಿರಿ.

ಉತ್ತರಗಳನ್ನು ಶನಿವಾರದೊಳಗೆ ಪ್ರಶ್ನೆ ಪೆಟ್ಟಿಗೆಗೆ ಹಾಕಿರಿ. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿರಿ.

— 9ನೇ ತರಗತಿಯ ವಿದ್ಯಾರ್ಥಿ, ಮಾಸ್ತಿ