ಗಾಳಿಗೆ ಹಾರದ ಶೆಡ್ಡು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಎಲ್ಲರೂ ಅವರನ್ನು ಟೈಲರ್ ಅಕ್ಕ ಅಂತಾರೆ. ಅವರ ಮನೆ ಚಿಕ್ಕದು. ಅಲ್ಲೇ ಅಡುಗೆ, ಅಲ್ಲೇ ಮಕ್ಕಳ ಓದು, ಅಲ್ಲೇ ಹೊಲಿಗೆ. ಅದಕ್ಕೇ ಅಕ್ಕ ಸಂಘದಲ್ಲಿ ಸಾಲ ತೆಗೆದರು. ಹಿತ್ತಿಲಲ್ಲಿ ತಗಡಿನ ಶೆಡ್ಡು ಹಾಕಿಸಿದರು. ಎರಡು ಹೊಲಿಗೆ ಯಂತ್ರ ಇಟ್ಟರು.

ಅದು ಮೇ ತಿಂಗಳು. ಒಂದು ಸಂಜೆ ಮೋಡ ಕವಿಯಿತು. ಬಿರುಗಾಳಿ ಬೀಸಿತು. ಶೆಡ್ಡಿನ ಚಾವಣಿ ಎದ್ದು ಹೋಗಿ ಪಕ್ಕದ ಹೊಲದಲ್ಲಿ ಬಿತ್ತು. ತಗಡಿನ ಮೇಲೆ ಹೇರಿದ್ದ ಕಲ್ಲುಗಳು ಒಳಗೆ ಬಿದ್ದವು. ಪುಣ್ಯಕ್ಕೆ ಆಗ ಒಳಗೆ ಯಾರೂ ಇರಲಿಲ್ಲ. ಒಂದು ಯಂತ್ರ ಮುರಿಯಿತು. ಗಿರಾಕಿಗಳ ಬಟ್ಟೆ ನೆನೆಯಿತು. ಶೆಡ್ಡು ಹೋಯಿತು, ಸಾಲದ ಕಂತು ಮಾತ್ರ ಉಳಿಯಿತು.

ಅಕ್ಕ ಅಂದರು: "ಇನ್ನೊಮ್ಮೆ ಕಟ್ಟಿದರೆ ನಾನೇ ಓದಿ, ನಾನೇ ಅಳೆದು ಕಟ್ಟಿಸ್ತೀನಿ."

ಅವರ ಜೊತೆ ನಾವೂ ಕಲಿತೆವು. ಬನ್ನಿ, ಎಲ್ಲರೂ ಕಲಿಯೋಣ.

ಶೆಡ್ಡು ಯಾಕೆ ಹಾರಿತು?

ಗಾಳಿ ಗೋಡೆಯನ್ನು ತಳ್ಳುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ಗಾಳಿ ಚಾವಣಿಯನ್ನು ಮೇಲಕ್ಕೂ ಎತ್ತುತ್ತದೆ. ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ಮೇಲೆ ಹರಿಯುವ ಗಾಳಿ ತಗಡನ್ನು ಮೇಲಕ್ಕೆ ಎಳೆಯುತ್ತದೆ. ಗಾಳಿ ಮಳೆಯಲ್ಲಿ ಕೊಡೆ ಮಗುಚುವುದನ್ನು ನೋಡಿದ್ದೀರಿ ಅಲ್ವಾ? ಹಾಗೆಯೇ ಇದು.

ಅಕ್ಕನ ಹಳೇ ಶೆಡ್ಡಿನ ಕಂಬಗಳನ್ನು ಬರೀ ಮಣ್ಣಿನಲ್ಲಿ ಹೂತಿದ್ದರು. ತಗಡನ್ನು ತಂತಿಯಿಂದ ಕಟ್ಟಿದ್ದರು. ಮೇಲೆ ಕಲ್ಲು ಹೇರಿದ್ದರು. ಬಿರುಗಾಳಿಗೆ ಕಲ್ಲು ತಡೆಯಲ್ಲ. ಅದೇ ಉರುಳಿ ನಮ್ಮ ತಲೆ ಮೇಲೆ ಬೀಳುತ್ತದೆ.

ತಗಡು ಅಡ್ಡಪೈಪಿಗೆ ಬಿಗಿಯಾಗಿರಬೇಕು. ಅಡ್ಡಪೈಪು ಕಂಬಕ್ಕೆ ಬಿಗಿಯಾಗಿರಬೇಕು. ಕಂಬ ಪಾಯಕ್ಕೆ ಬಿಗಿಯಾಗಿರಬೇಕು. ಒಂದು ಕಡೆ ಸಡಿಲವಾದರೂ ಶೆಡ್ಡು ಹೋಯಿತು ಅಂತಲೇ ಲೆಕ್ಕ.

ಮೊದಲು ಜಾಗ, ಆಮೇಲೆ ಕಬ್ಬಿಣ

ಹಳ್ಳಿಯಲ್ಲಿ ಕಟ್ಟಡ ಕಟ್ಟಲು ಗ್ರಾಮ ಪಂಚಾಯ್ತಿಯ ಅನುಮತಿ ಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಹೀಗೆ ಹೇಳುತ್ತದೆ. ಅರ್ಜಿ ಬರೆದು ಕೊಡಿ. ಕೊಟ್ಟಿದ್ದಕ್ಕೆ ಚೀಟಿ ಕೇಳಿ ಪಡೆಯಿರಿ. ಕರೆಂಟ್ ತಂತಿಯ ಕೆಳಗೆ ಶೆಡ್ಡು ಬೇಡ. ಮಳೆ ನೀರು ನೆರೆಯವರ ಅಂಗಳಕ್ಕೆ ಬೀಳದ ಹಾಗೆ ಇಳಿಜಾರು ಇಡಿ. ಇಲ್ಲದಿದ್ದರೆ ಮಳೆಗಾಲವೆಲ್ಲ ಜಗಳ.

ಲೆಕ್ಕ ಹಾಕೋಣ

ಅಕ್ಕನ ಹೊಸ ಶೆಡ್ಡಿನ ಉದ್ದ 14 ಅಡಿ, ಅಗಲ 10 ಅಡಿ. 14ನ್ನು 10ರಿಂದ ಗುಣಿಸಿದರೆ 140 ಚದರ ಅಡಿ.

ಮುಂದೆ 3 ಕಂಬ, ಹಿಂದೆ 3 ಕಂಬ. ಮುಂದಿನ ಕಂಬ 10 ಅಡಿ, ಹಿಂದಿನ ಕಂಬ 9 ಅಡಿ. ಹೀಗೆ ನೀರು ಹಿಂದಕ್ಕೆ ಇಳಿಯುತ್ತದೆ. ಕಬ್ಬಿಣದ ಪೈಪು ಸಾಮಾನ್ಯವಾಗಿ 20 ಅಡಿ ಉದ್ದ ಬರುತ್ತದೆ. ಆರು ಕಂಬಕ್ಕೆ ಎಷ್ಟು ಪೈಪು ಬೇಕು?

ಮೊದಲ ಪೈಪು: 10 ಮತ್ತು 10.
ಎರಡನೇ ಪೈಪು: 10 ಮತ್ತು 9.
ಮೂರನೇ ಪೈಪು: 9 ಮತ್ತು 9.

ಮೂರೇ ಪೈಪು ಸಾಕು. ಮೇಸ್ತ್ರಿ ನಾಲ್ಕು ಬರೆದುಕೊಟ್ಟಿದ್ದರು. ಅಕ್ಕ ಲೆಕ್ಕ ತೋರಿಸಿದರು. ಮೇಸ್ತ್ರಿ ನಕ್ಕು ಒಪ್ಪಿಕೊಂಡರು.

ಚಾವಣಿಗೆ ಎರಡು ಬದಿಯೂ ಅರ್ಧ ಅರ್ಧ ಅಡಿ ಹೊರಚಾಚು. ಒಟ್ಟು ಉದ್ದ 15 ಅಡಿ. ಒಂದರ ಮೇಲೊಂದು ಕೂರಿಸಿದ ಮೇಲೆ ಒಂದು ತಗಡು 3 ಅಡಿ ಮುಚ್ಚುತ್ತದೆ. ಹಾಗಾದರೆ 5 ತಗಡು. ಮುಂದೆ ಒಂದು ಅಡಿ, ಹಿಂದೆ ಒಂದು ಅಡಿ ಹೊರಕ್ಕೆ ಬರಬೇಕು. ಅದಕ್ಕೆ 12 ಅಡಿ ಉದ್ದದ ತಗಡು ತಂದರು.

ಓದಲು ಬಂದರೆ ಹಣ ಉಳಿಯುತ್ತದೆ

ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 0.50 ಅಂದರೆ ಅರ್ಧ ಮಿಲಿಮೀಟರು. 0.35 ಅಂದರೆ ಅದಕ್ಕಿಂತ ತೆಳು. 0.50ರ ತಗಡು 10 ಕಿಲೋ ತೂಗಿದರೆ, ಅಷ್ಟೇ ಅಳತೆಯ 0.35ರ ತಗಡು ಸುಮಾರು 7 ಕಿಲೋ ತೂಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಕೆಲವರು ಗೇಜು ಅಂತಾರೆ. ಗೇಜಿನ ಲೆಕ್ಕ ತಿರುಗಮುರುಗ. 24 ಗೇಜಿಗಿಂತ 26 ಗೇಜು ತೆಳು. ನೆನಪಿರಲಿ.

ಅಂಗಡಿಯಿಂದ ಗಾಡಿ ಬಂತು. ಅಕ್ಕ ತಗಡಿನ ಹಿಂದೆ ಅಚ್ಚಾದ ಅಂಕಿ ಓದಿದರು. ಬಿಲ್ಲು ಓದಿದರು.

"ಅಣ್ಣಾ, ಬಿಲ್ಲಿನಲ್ಲಿ 0.50 ಇದೆ. ತಗಡಿನ ಮೇಲೆ 0.35 ಅಂತಿದೆ. ಯಾಕೆ?"

"ಲೋಡು ಮಾಡುವಾಗ ಹೆಚ್ಚುಕಡಿಮೆ ಆಗಿದೆ ಅಮ್ಮಾ. ಇಳಿಸ್ಕೊಳ್ಳಿ, ಏನೂ ಆಗಲ್ಲ."

"ಹೋದ ಸಲ ಆಗಿದೆ ಅಣ್ಣಾ. ವಾಪಸ್ ತಗೊಂಡು ಹೋಗಿ."

ಮಾರನೇ ದಿನ ಸರಿಯಾದ ತಗಡು ಬಂತು.

ಕಟ್ಟುವಾಗ ನೋಡಬೇಕಾದದ್ದು

1. ಪ್ರತಿ ಕಂಬಕ್ಕೂ ಕನಿಷ್ಠ ಎರಡು ಅಡಿ ಆಳದ ಗುಂಡಿ. ಎರೆಮಣ್ಣಾದರೆ ಇನ್ನೂ ಆಳ, ಗಟ್ಟಿ ನೆಲ ಸಿಗುವವರೆಗೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ.

2. ಗುಂಡಿಗೆ ಕಾಂಕ್ರೀಟು. ಸಿಮೆಂಟು 1 ಪಾಲು, ಮರಳು 2 ಪಾಲು, ಜಲ್ಲಿ 4 ಪಾಲು. ಹಸಿ ಇರುವಾಗಲೇ ಬೋಲ್ಟು ನಿಲ್ಲಿಸಬೇಕು. ಏಳು ದಿನ ನೀರುಣಿಸಬೇಕು. ಆಮೇಲೆ ಕಂಬ.

3. ಮೂಲೆಯಿಂದ ಮೂಲೆಗೆ ಓರೆಪಟ್ಟಿ ಬೇಕು. ನಾಲ್ಕು ಕಡ್ಡಿಯನ್ನು ಚೌಕವಾಗಿ ಕಟ್ಟಿ ತಳ್ಳಿ ನೋಡಿ. ವಾಲುತ್ತದೆ. ಓರೆಯಾಗಿ ಇನ್ನೊಂದು ಕಡ್ಡಿ ಕಟ್ಟಿ. ಈಗ ವಾಲಲ್ಲ. ಶೆಡ್ಡೂ ಹಾಗೆಯೇ.

4. ಬೆಸುಗೆ ಹಾಕಿದ ಕಡೆ ತುಕ್ಕು ಬೇಗ ಹಿಡಿಯುತ್ತದೆ. ಉಜ್ಜಿ, ರೆಡ್ ಆಕ್ಸೈಡ್ ಬಳಿಸಿ. ಆಮೇಲೆ ಬಣ್ಣ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಮಕ್ಕಳನ್ನು ದೂರ ಕಳಿಸಿ.

5. ತಗಡಿಗೆ ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿಸಿ. ಚಾವಣಿಯಲ್ಲಿ ತಗಡಿನ ಉಬ್ಬಿನ ಮೇಲೆ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ನೀರು ಸೋರುವ ಭಯ. ಅಂಚಿನಲ್ಲಿ, ಮೂಲೆಯಲ್ಲಿ ಸ್ಕ್ರೂ ಒತ್ತೊತ್ತಾಗಿ ಇರಲಿ. ಗಾಳಿ ಮೊದಲು ಅಲ್ಲೇ ಎತ್ತುವುದು.

6. ಎದುರುಬದುರು ಕಿಟಕಿ ಇಡಿ. ಚಾವಣಿಗೆ ಬಿಳಿ ಬಣ್ಣ ಇದ್ದರೆ ಬಿಸಿಲಿನ ಕಾವು ಕಡಿಮೆ.

ಕರೆಂಟು: ಇದನ್ನು ಮರೆಯಬೇಡಿ

ಕಬ್ಬಿಣದಲ್ಲಿ ಕರೆಂಟು ಹರಿಯುತ್ತದೆ. ಒಂದು ವೈರು ಸುಲಿದು ಕಂಬಕ್ಕೆ ತಾಗಿದರೆ ಇಡೀ ಶೆಡ್ಡೇ ಹೊಡೆಯುತ್ತದೆ. ವೈರನ್ನು ಪ್ಲಾಸ್ಟಿಕ್ ಪೈಪಿನೊಳಗೆ ಎಳೆಸಿ. ಶೆಡ್ಡಿಗೂ ಯಂತ್ರಕ್ಕೂ ಅರ್ಥಿಂಗ್ ಮಾಡಿಸಿ. ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು ಸಿಗುತ್ತದೆ. ಅದರ ಹೆಸರು ಆರ್‌ಸಿಸಿಬಿ. ಅದರ ಮೇಲೆ 30 ಎಂಎ ಅಂತ ಬರೆದಿರಬೇಕು. ಓದಿ ತನ್ನಿ. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ.

ಮರುವರ್ಷವೂ ಮೇ ತಿಂಗಳು ಬಂತು. ಬಿರುಗಾಳಿಯೂ ಬಂತು. ರಾತ್ರಿಯೆಲ್ಲ ತಗಡು ಸದ್ದು ಮಾಡಿತು. ಅಕ್ಕನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರು. ಒಂದು ಸ್ಕ್ರೂ ಕೂಡ ಕಿತ್ತಿರಲಿಲ್ಲ. ಯಂತ್ರದ ಮುಂದೆ ಕೂತು ಹೊಲಿಗೆ ಶುರು ಮಾಡಿದರು.

ಚರ್ಚೆ ಮಾಡೋಣ, ಬರೆಯೋಣ

1. ಚಾವಣಿಯ ಮೇಲೆ ಕಲ್ಲು ಹೇರುವುದು ಯಾಕೆ ತಪ್ಪು?
2. ಚಾವಣಿಯ ಉದ್ದ 18 ಅಡಿ ಆದರೆ ಎಷ್ಟು ತಗಡು ಬೇಕು?
3. 24 ಗೇಜು, 26 ಗೇಜು. ಯಾವುದು ದಪ್ಪ?
4. ನಿಮ್ಮ ಮನೆಯ ಒಂದು ಬಿಲ್ಲು ತನ್ನಿ. ಅದರಲ್ಲಿರುವ ಅಂಕಿಗಳನ್ನು ಜೋರಾಗಿ ಓದಿ.
5. ಶೆಡ್ಡು ಕಟ್ಟಲು ಅನುಮತಿ ಕೇಳಿ ಪಂಚಾಯ್ತಿಗೆ ಅರ್ಜಿ ಬರೆಯಿರಿ. ಕೆಳಗೆ ನೀವೇ ಸಹಿ ಮಾಡಿ.